ವರ್ನಾ ಕಟ್ಟಿದ ಚೀಲ

ಕಳೆದ ವಸಂತದಲ್ಲಿ ವರ್ನಾ ಹೋಸ್ಟೆಟ್ಲರ್ ತೀರಿಕೊಂಡಾಗ ನಮ್ಮೂರ ಪತ್ರಿಕೆಯವರು ಎಂಟು ಸಾಲು ಹಾಕಿದರು. ಸಾವಿರಾರು ವಿದ್ಯಾರ್ಥಿಗಳ ಪ್ರೀತಿಯ ತಾಯಿ, ಸದಾ ನಗುಮುಖದವರು, ಹಾಗೆ ಹೀಗೆ. ಓದಿ ನನಗೆ ಮೈ ಉರಿದುಹೋಯಿತು. ಸದಾ ನಗುಮುಖವಂತೆ! ಇಪ್ಪತ್ತಾರು ವರ್ಷ ಬೆಳಗಾಗೆದ್ದು ಆ ಮುಖ ನೋಡಿದವಳು ನಾನು. ಮುಖ ಗಂಟಿಕ್ಕಿಕೊಂಡೇ ಏಳುತ್ತಿದ್ದಳು. ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮತ್ತೆ ನನ್ನ ಒಲೆಯ ಹತ್ತಿರಕ್ಕೆ ಸುತ್ತುತ್ತಿದ್ದಳು. ಒಂದು ಕಡೆ ಕೂತವಳಲ್ಲ. "ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ನೋಡಿ ನೋಡಿ ನಂಗೇ ತಲೆ ಸುತ್ತತ್ತೆ" ಎಂದರೆ, "ನಲವತ್ತೆರಡು ಮಕ್ಕಳ ತಾಯಿ ಕೂತ್ಕೋತಾಳಾ ಆರ್ಡಿತ್?" ಎನ್ನುವಳು. ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೂ ಇರಲಿಲ್ಲ.

ನಲವತ್ತೆರಡು ಎಂದರೆ ಕಾಲೇಜು ಹುಡುಗರು. ನಮ್ಮ ಚೆಸ್ಟ್‌ನಟ್ ಬೀದಿಯಲ್ಲಿ ವಿದ್ಯಾರ್ಥಿ ಸಂಘಗಳ ಮನೆಗಳು ಹನ್ನೆರಡಿವೆ. ಒಂದೊಂದರಲ್ಲೂ ಮೂವತ್ತು ನಲವತ್ತು ಮಂದಿ ಒಟ್ಟಿಗಿದ್ದು, ಒಬ್ಬರನ್ನೊಬ್ಬರು ಅಣ್ಣ ತಮ್ಮ ಎಂದುಕೊಂಡು, ಒಂದೇ ಬಚ್ಚಲನ್ನು ಎಲ್ಲರೂ ಸೇರಿ ಗಲೀಜು ಮಾಡುತ್ತಾರೆ. ಅಂಥ ಮನೆಗೆ ಒಬ್ಬಳು ಹಿರಿಯ ಹೆಂಗಸು ಮನೆತಾಯಿಯಾಗಿ ಇರಬೇಕು. ನಮ್ಮ ಮನೆಗೆ ವರ್ನಾ ಮನೆತಾಯಿ, ನಾನು ಅಡುಗೆಯವಳು. ಅವಳಿಗಿಂತ ಎರಡು ವರ್ಷ ಮುಂಚೆ ಸೇರಿದವಳು ನಾನು, ಅದನ್ನು ಆಗಾಗ ಅವಳಿಗೆ ನೆನಪಿಸುತ್ತಿದ್ದೆ ಕೂಡ.

ಅವಳು ಹುಟ್ಟಿದ್ದು ಇದೇ ಇಂಡಿಯಾನಾದಲ್ಲಿ, ಇಲ್ಲಿಂದ ನಲವತ್ತು ಮೈಲಿ ಆಚೆ, ಕುಡಿತವನ್ನು ಪಾಪವೆನ್ನುವ ಕಟ್ಟಾ ಮೆನೊನೈಟ್ ಕ್ರೈಸ್ತರ ಮನೆತನದಲ್ಲಿ. ಸೇಬಿನ ರಸ ಸ್ವಲ್ಪ ಹುಳಿ ಬಂದರೂ ಅವಳಪ್ಪ ಹಂದಿಗೆ ಸುರಿಯುತ್ತಿದ್ದನಂತೆ. ಗಂಡ ಚಿಕ್ಕ ವಯಸ್ಸಿನಲ್ಲೇ ಹೋದ. ಆಮೇಲೆ ಒಂಬತ್ತು ವರ್ಷ ವೃದ್ಧಾಶ್ರಮದಲ್ಲಿ ಆಯಾ ಕೆಲಸ ಮಾಡಿದಳು. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಂದಕ್ಕೆ ಹೊರಳದ ಹಾಗೆ ಬೆನ್ನಿಗೆ ದಿಂಬು ಕೊಡುವುದು ಅವಳ ಕೆಲಸ. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ಈ ಹೆಂಗಸು, ಮೂವತ್ತೇಳನೆಯ ವಯಸ್ಸಿನಲ್ಲಿ ಎರಡು ಪೆಟ್ಟಿಗೆ ತಗೊಂಡು, ಊರಿನಲ್ಲೇ ಅತಿ ಹೆಚ್ಚು ಕುಡಿಯುವ ಬೀದಿಗೆ ಬಂದಿಳಿದಳು.

ಬಂದ ಎರಡನೆಯ ವರ್ಷ ಒಬ್ಬ ಹುಡುಗ ಕುಡಿದು ಅಂಗಾತ ಬಿದ್ದು, ವಾಂತಿ ಗಂಟಲಿಗೆ ಸಿಕ್ಕಿಕೊಂಡು ನೀಲಿಗಟ್ಟಿದ. ವರ್ನಾ ಓಡಿಬಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಬೆರಳು ಹಾಕಿ ತೆಗೆದಳು. ಆಂಬ್ಯುಲೆನ್ಸ್ ಕರೆಯಲು ಹೋದರೆ ಹುಡುಗರೆಲ್ಲ ಬೇಡವೆಂದು ಅವಳ ಕಾಲಿಗೆ ಬೀಳುವುದೊಂದು ಬಾಕಿ. ನಮ್ಮಲ್ಲಿ ಇಪ್ಪತ್ತೊಂದು ತುಂಬದವರು ಕುಡಿದರೆ ಕೇಸು. ಆಂಬ್ಯುಲೆನ್ಸಿನ ಹಿಂದೆಯೇ ಪೊಲೀಸರು ಬರುತ್ತಿದ್ದರು. ಹಿಂದಿನ ವರ್ಷ ಪಕ್ಕದ ಮನೆಯ ಹುಡುಗನೊಬ್ಬ ಗೆಳೆಯನಿಗಾಗಿ ಫೋನು ಮಾಡಿ, ಬಿದ್ದವನ ಜೊತೆ ತಾನೂ ಕೋರ್ಟು ಹತ್ತಿ, ವಿದ್ಯಾರ್ಥಿವೇತನ ಕಳೆದುಕೊಂಡು ಊರಿಗೆ ಹೋಗಿದ್ದ. ಕರೆದರೆ ಕೆಟ್ಟೆ ಎಂಬುದು ಇಡೀ ಬೀದಿಗೆ ಪಾಠವಾಗಿತ್ತು.

ಅವತ್ತು ವರ್ನಾ ಒಂದು ಉಪಾಯ ಮಾಡಿದಳು. ಯಾರದೋ ಹಸಿರು ಕ್ಯಾನ್ವಾಸಿನ ಬೆನ್ನುಚೀಲಕ್ಕೆ ಎರಡು ದಪ್ಪ ರಸಾಯನಶಾಸ್ತ್ರ, ಒಂದು ಅರ್ಥಶಾಸ್ತ್ರದ ಪುಸ್ತಕ ತುಂಬಿ ಹುಡುಗನ ಬೆನ್ನಿಗೆ ಕಟ್ಟಿದಳು. ಇನ್ನವನು ಅಂಗಾತ ಹೊರಳುವ ಹಾಗಿಲ್ಲ. ಆಮೇಲೆ ಬಟ್ಟೆ ಒಗೆಯುವ ಕೋಣೆಯ ನೆಲದ ಮೇಲೆ ಅವನ ಪಕ್ಕದಲ್ಲಿ, ಯಂತ್ರಕ್ಕೆ ಒರಗಿ, ಅವನ ಮೂಗಿನ ಹತ್ತಿರ ಕೈಯಿಟ್ಟುಕೊಂಡು ಅವನು ಎದ್ದು ನೀರು ಕೇಳುವವರೆಗೂ ಕೂತಿದ್ದಳು. ಮರುದಿನ ಮಂಡಿ ಹಿಡಿದುಕೊಂಡು ಕುಂಟುತ್ತಿದ್ದಳು.

ಅಲ್ಲಿಂದ ಅದೊಂದು ಸಂಪ್ರದಾಯವೇ ಆಯಿತು. ಚೀಲ ಒಗೆಯುವ ಕೋಣೆಯ ಮೊಳೆಗೆ ಏರಿತು. ಪ್ರತಿ ವರ್ಷ ದೊಡ್ಡ ಹುಡುಗರು ಹೊಸಬರಿಗೆ ಸಂಘದ ಹಾಡು, ಗುಟ್ಟಿನ ಕೈಕುಲುಕು ಕಲಿಸಿದಂತೆ ಅದನ್ನೂ ಕಲಿಸುತ್ತಿದ್ದರು: ಪಟ್ಟಿ ಎಷ್ಟು ಬಿಗಿಯಬೇಕು, ಪುಸ್ತಕ ಎಷ್ಟು ದಪ್ಪ ಇರಬೇಕು. ಅದಕ್ಕೆ ಹೆಸರೇ 'ವರ್ನಾ'. "ಅವನಿಗೆ ವರ್ನಾ ಹಾಕ್ರೋ" ಎಂದರೆ ಬೀದಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಚೀಲ ಕಟ್ಟುವುದು ವರ್ಷದಿಂದ ವರ್ಷಕ್ಕೆ ಬಂತು. ಅವಳು ಪಕ್ಕದಲ್ಲಿ ಕೂತಿದ್ದು ಮಾತ್ರ ಯಾರಿಗೂ ನೆನಪಿರಲಿಲ್ಲ. ನನಗಿತ್ತು. ನಾನೂ ಬಾಯಿಬಿಟ್ಟು ಹೇಳಲಿಲ್ಲ.

ಎರಡು ಸಾವಿರದ ಹನ್ನೆರಡರಲ್ಲಿ ಹೊಸ ಕಾನೂನು ಬಂತು. ಕುಡಿದು ಬಿದ್ದವನಿಗಾಗಿ ಫೋನು ಮಾಡಿದರೆ, ಕುಡಿದದ್ದಕ್ಕೆ ಕರೆದವನ ಮೇಲೂ ಕೇಸಿಲ್ಲ, ಬಿದ್ದವನ ಮೇಲೂ ಇಲ್ಲ. ಆದರೆ ಕರೆದವನು ತನ್ನ ಹೆಸರು ಹೇಳಬೇಕು, ಸಹಾಯ ಬರುವವರೆಗೂ ಅಲ್ಲೇ ಇರಬೇಕು, ಪೊಲೀಸರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ವರ್ನಾಳ ಸಂಭ್ರಮ ನೋಡಬೇಕಿತ್ತು! ಕಾಗದ ಅಚ್ಚು ಹಾಕಿಸಿ ಫ್ರಿಜ್ಜಿನ ಮೇಲೆ, ಬಚ್ಚಲಿನಲ್ಲಿ, ಒಗೆಯುವ ಕೋಣೆಯಲ್ಲಿ ಅಂಟಿಸಿದಳು. ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ, ಒಬ್ಬೊಬ್ಬರ ಕೈಲೂ ಸಹಿ ಹಾಕಿಸಿದಳು. ಆಮೇಲೆ ವರ್ಷವರ್ಷವೂ ಹೊಸಬರ ಕೈಲೂ ಹಾಕಿಸುತ್ತಿದ್ದಳು. ಒಗೆಯುವ ಕೋಣೆಯ ಕಾಗದವನ್ನು ಅವಳು ಅಂಟಿಸಿದ್ದು ಆ ಮೊಳೆಯ ಮೇಲುಗಡೆ. ಚೀಲವನ್ನು ತೆಗೆಯಲಿಲ್ಲ.

"ಇನ್ನೂ ಯಾಕೇ ಅದು ಅಲ್ಲಿ? ಕಾನೂನು ಬಂತಲ್ಲ" ಎಂದು ನಾನು ಒಮ್ಮೆ ಕೇಳಿದೆ.

"ಇರ್ಲಿ ಬಿಡೇ. ಅದ್ರ ಪಾಡಿಗೆ ಅದಿದೆ. ನಿಂಗೇನ್ ಅನ್ನ ಕೇಳತ್ತಾ?"

ನಿಜ ಹೇಳಬೇಕೆಂದರೆ ಆ ಚೀಲ ಅವಳ ಪದಕ. ಅಕ್ಟೋಬರಿನಲ್ಲಿ ಒಂದು ಶನಿವಾರ ಹಳೆಯ ವಿದ್ಯಾರ್ಥಿಗಳೆಲ್ಲ ಫುಟ್‌ಬಾಲ್ ಆಟಕ್ಕೆ ಊರಿಗೆ ಬರುತ್ತಾರೆ. ಹೊಟ್ಟೆ ಬಂದ, ತಲೆ ಬೋಳಾದ ಗಂಡಸರು ವರ್ನಾಳನ್ನು ಎತ್ತಿ ಗಿರಗಿರ ತಿರುಗಿಸಿ, ಚೀಲ ತರಿಸಿ, ಅದರ ಜೊತೆ ಅವಳನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. "ನಮ್ ಜೀವ ಉಳಿಸಿದ್ದು ಇದೇ ಕಣ್ರೋ" ಎಂದು ಹೆಂಡತಿ ಮಕ್ಕಳಿಗೆ ತೋರಿಸುತ್ತಿದ್ದರು. ಆ ಒಂದು ದಿನ ಅವಳ ಮುಖ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮೂವತ್ತು ವರ್ಷ ಅನ್ನ ಹಾಕಿದ ನನ್ನ ಸೌಟಿನ ಜೊತೆ ಯಾರೂ ಫೋಟೋ ತೆಗೆಸಿಕೊಂಡಿಲ್ಲ! ಹಾಗಂತ ನಾನೇನು ಸಾಚಾ ಅಲ್ಲ. ಆ ಚೀಲದ ಪಟ್ಟಿ ಹರಿದಾಗ ಎರಡು ಸಲ ಹೊಲಿದುಕೊಟ್ಟವಳು ನಾನೇ.

ಎರಡು ಸಾವಿರದ ಹದಿನೇಳರ ಅಂಥದೊಂದು ಶನಿವಾರ. ಆಟ ಮಧ್ಯಾಹ್ನ ಹನ್ನೆರಡಕ್ಕೆ, ಕುಡಿತ ಬೆಳಗ್ಗೆ ಏಳಕ್ಕೆ. ನನಗೆ ಬೆಳಗಿನಿಂದಲೇ ಯಾಕೋ ಕಸಿವಿಸಿ. ಬಿಸ್ಕಿಟ್ಟಿಗೆ ಹಿಟ್ಟು ಕಲಸಿದರೆ ಗಂಟುಗಂಟು, ಗ್ರೇವಿ ತಳ ಹಿಡಿಯಿತು. ಹೊರಗೆ ಬ್ಯಾಂಡು, ಕಹಳೆ, ಕಿರುಚಾಟ. ಮೇಲೆ ನಲವತ್ತು ಜೋಡಿ ಬೂಟು ಧಡಧಡ ಓಡಾಡುತ್ತಿದ್ದವು. ತಿಂಡಿಗೆ ಎಮ್ಮೆಟ್ ರಸ್ಕ್ ಬರಲಿಲ್ಲ. ಎರಡು ತಿಂಗಳ ಹಿಂದೆ ಸೇರಿದ ಹದಿನೆಂಟರ ಹುಡುಗ ಅವನು. ಇಡೀ ಮನೆಯಲ್ಲಿ ತಿಂದ ತಟ್ಟೆ ತಾನೇ ತೊಳೆದಿಡುತ್ತಿದ್ದವನು ಅವನೊಬ್ಬ. ಮಲಗಿರಬೇಕು ಎಂದುಕೊಂಡು ಅವನ ಪಾಲು ಮುಚ್ಚಿಟ್ಟೆ.

ಹತ್ತು ಮುಕ್ಕಾಲಿಗೆ ಮನೆ ಖಾಲಿಯಾಯಿತು, ಎಲ್ಲರೂ ಮೈದಾನದ ಕಡೆ ಹೋದರು. ಈರುಳ್ಳಿ ತರಲು ನೆಲಮಾಳಿಗೆಗೆ ಇಳಿದೆ. ಒಗೆಯುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಯಂತ್ರ ತಿರುಗುತ್ತಿತ್ತು. ಅದರ ಬುಡದಲ್ಲಿ ಎಮ್ಮೆಟ್ ಮಗ್ಗುಲಾಗಿ ಬಿದ್ದಿದ್ದ. ತಲೆಯಡಿಗೆ ಟವೆಲ್ಲು, ಬೆನ್ನಿಗೆ ಆ ಚೀಲ. ಸುತ್ತ ಒಂದು ನರಪಿಳ್ಳೆ ಇಲ್ಲ.

"ಎಮ್ಮೆಟ್! ಏಯ್ ಪುಟ್ಟಾ!" ಕೆನ್ನೆ ತಟ್ಟಿದೆ. ಫ್ರಿಜ್ಜಿನಿಂದ ತೆಗೆದ ಕೋಳಿಯಷ್ಟು ತಣ್ಣಗಿತ್ತು. "ವರ್ನಾ! ವರ್ನಾ, ಬಾರೇ ಇಲ್ಲಿ!" ಎಂದು ಬೀದಿಗೆ ಕೇಳುವಂತೆ ಅರಚಿದೆ.

ಮೊದಲು ಬಂದದ್ದು ಗ್ಯಾರೆಟ್ ಲಿಂಡ್‌ಕ್ವಿಸ್ಟ್. ಮುಖಕ್ಕೆ ಅರ್ಧ ನೀಲಿ ಅರ್ಧ ಹಳದಿ ಬಣ್ಣ ಬಳಿದುಕೊಂಡು, ಒಣಗಿದ ಜೆರ್ಸಿ ತೆಗೆದುಕೊಳ್ಳಲು ಬಂದಿದ್ದ. ಇಪ್ಪತ್ತು ವರ್ಷ. ಸಂಘದ ಪದ್ಧತಿಯಂತೆ ಒಬ್ಬೊಬ್ಬ ಹೊಸ ಹುಡುಗನಿಗೂ ಒಬ್ಬ ಅಣ್ಣನನ್ನು ಗೊತ್ತು ಮಾಡುತ್ತಾರೆ. ಎಮ್ಮೆಟ್‌ಗೆ ಇವನೇ ಅಣ್ಣ.

"ಅಯ್ಯೋ ಅದಾ, ಗಾಬರಿಯಾಗ್ಬೇಡಿ ಮಿಸ್ ಆರ್ಡಿತ್. ಸ್ವಲ್ಪ ಜಾಸ್ತಿ ಆಗಿದೆ ಅಷ್ಟೆ. ವರ್ನಾ ಹಾಕಿದೀನಲ್ಲ. ಮಲಗೆದ್ರೆ ಸರಿಹೋಗ್ತಾನೆ."

ಅವನ ಬೆನ್ನ ಹಿಂದೆ ಮೆಟ್ಟಿಲ ಮೇಲೆ ವರ್ನಾ ನಿಂತಿದ್ದಳು. ಫೋಟೋಗೆಂದು ಹಾಕಿಕೊಂಡ ನೀಲಿ ಕೋಟು, ಎದೆಗೆ ದೊಡ್ಡ ಸೇವಂತಿಗೆ. ಗ್ಯಾರೆಟ್‌ನನ್ನು ಪಕ್ಕಕ್ಕೆ ತಳ್ಳಿ ಕೆಳಗಿಳಿದಳು. ಕೆಟ್ಟ ಮಂಡಿ ಊರಿ ಕೂತು ಎಮ್ಮೆಟ್‌ನ ಭುಜ ಜಿಗುಟಿದಳು. ಅವನು ಕದಲಲಿಲ್ಲ. ಮೂಗಿನ ಹತ್ತಿರ ಕೈಯಿಟ್ಟು ಗೋಡೆ ಗಡಿಯಾರ ನೋಡತೊಡಗಿದಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.

"ಅರ್ಧ ನಿಮಿಷಕ್ಕೆ ಮೂರು" ಎಂದಳು. "ಉಸಿರು ನಿಲ್ತಾ ಇದೆ. ಫೋನ್ ಮಾಡಿ."

"ಒಂದ್ನಿಮಿಷ ಮಿಸ್ ವರ್ನಾ, ಮೇಲೆ ಬಾಟ್ಲಿಗಳಿವೆ, ಅವನ್ನೆಲ್ಲ ಆಚೆ ಹಾಕಿ..."

ನನಗೆ ತಲೆ ಕೆಟ್ಟು ಹೋಯಿತು. ಹಿಟ್ಟಿನ ಕೈಯಲ್ಲೇ ಅವನ ಫೋನು ಕಿತ್ತುಕೊಂಡೆ. "ಬಾಟ್ಲಿ ಮನೆ ಹಾಳಾಗ! ಹುಡುಗ ಸಾಯ್ತಿದಾನೆ ಕಣೋ ಮುಟ್ಠಾಳ!" ಎಂದು ಒಂಬತ್ತು ಒಂದು ಒಂದು ಒತ್ತಿದೆ. ಆ ಕಡೆ ಹೆಂಗಸಿನ ದನಿ ಕೇಳಿತು. ವಿಳಾಸ ಹೇಳಿದೆ. ಏನು ಕುಡಿದ, ಎಷ್ಟು, ಎಷ್ಟು ಹೊತ್ತಿಗೆ ಎಂದು ಕೇಳಿದಳು. ನನಗೇನು ಗೊತ್ತು? ನಾನು ಗ್ರೇವಿ ತಿರುವುತ್ತಿದ್ದೆ.

"ಅವನ ಕೈಗೆ ಕೊಡು" ಎಂದಳು ವರ್ನಾ. "ಗ್ಯಾರೆಟ್, ಗೊತ್ತಿರೋದು ನಿಂಗೊಬ್ಬನಿಗೆ. ಹೆಸರು ಹೇಳು. ಆಮೇಲೆ ನಡೆದದ್ದನ್ನ ನಡೆದ ಹಾಗೇ ಹೇಳು. ನಿಂಗೇನೂ ಆಗಲ್ಲ."

"ಗ್ಯಾ... ಗ್ಯಾರೆಟ್ ಲಿಂಡ್‌ಕ್ವಿಸ್ಟ್" ಎಂದ ಅವನು. "ವೋಡ್ಕಾ. ಬಾಟ್ಲೀಲಿ ಮುಕ್ಕಾಲು. ಅಣ್ಣ ಕೊಟ್ಟ ಬಾಟ್ಲಿ ತಮ್ಮ ಮುಗಿಸ್ಬೇಕು ಅಂತಿದೆ ನಮ್ಮಲ್ಲಿ. ಎಂಟೂವರೆಗೆ ಮುಗೀತು... ಹೂಂ, ಅವನೊಬ್ಬನೇ ಇದ್ದ. ಒಂಬತ್ತರಿಂದ."

ಒಂಬತ್ತರಿಂದ! ಹತ್ತಿರ ಹತ್ತಿರ ಎರಡು ಗಂಟೆ! ನನ್ನ ಕಾಲ ಕೆಳಗೇ, ನನ್ನ ಒಲೆಯ ಕೆಳಗೇ ಆ ಮಗು ಒಬ್ಬನೇ ಬಿದ್ದಿತ್ತು.

ಫೋನಿಟ್ಟು ಗ್ಯಾರೆಟ್ ಬಾಗಿಲ ಕಡೆ ನೋಡಿದ. "ಎಲ್ಲಾ ಹೇಳಿದ್ನಲ್ಲ. ನಾನಿನ್ನು ಹೋಗ್ಲಾ?"

"ಕದಲಿದ್ರೆ ನೋಡು. ಆ ಕಾಗದಕ್ಕೆ ಸಹಿ ಹಾಕಿದೀಯಲ್ಲ, ಏನ್ ಬರ್ದಿದೆ ಅದ್ರಲ್ಲಿ?" ಎಂದಳು ವರ್ನಾ.

"ಅವ್ರು ಬರೋವರ್ಗೂ ಇರ್ಬೇಕು ಅಂತ."

"ಅದಕ್ಕೇ ಅಂತ ಇರ್ಬೇಡ. ಇವನಿಗೋಸ್ಕರ ಇರು. ಬಾ, ತಲೆ ಹಿಡ್ಕೋ. ಹಿಂದಕ್ಕೆ ಬೀಳ್ಬಾರ್ದು."

ಹುಡುಗ ನೆಲದಲ್ಲಿ ಕೂತು ಎಮ್ಮೆಟ್‌ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮುಖದ ನೀಲಿ ಹಳದಿ ಕಣ್ಣೀರಿಗೆ ಕರಗಿ ಹಸಿರಾಗಿ ಇಳಿಯುತ್ತಿತ್ತು. ವರ್ನಾ ಒಂದೊಂದು ಉಸಿರನ್ನೂ ಗಟ್ಟಿಯಾಗಿ ಎಣಿಸುತ್ತಿದ್ದಳು. ನಡುನಡುವೆ ಎಣಿಕೆ ನಿಂತಾಗ ನನ್ನ ಉಸಿರೂ ನಿಲ್ಲುತ್ತಿತ್ತು.

ಸೈರನ್ ಕೇಳಿಸಿತು, ಹತ್ತಿರ ಬರಲಿಲ್ಲ. ಹತ್ತಿ ಹೋಗಿ ನೋಡಿದರೆ ಬೀದಿಯ ತುಂಬ ಮೆರವಣಿಗೆ. ಬ್ಯಾಂಡಿನವರು, ಅಲಂಕಾರದ ಲಾರಿಗಳು, ಎರಡೂ ಕಡೆ ಮಡಿಸುವ ಕುರ್ಚಿ ಹಾಕಿಕೊಂಡ ಜನ. ಆಂಬ್ಯುಲೆನ್ಸ್ ತಿರುವಿನಲ್ಲೇ ಸಿಕ್ಕಿಕೊಂಡು ಬಡಕೊಳ್ಳುತ್ತಿತ್ತು. ಅಪ್ರನ್ ಹಾಕಿಕೊಂಡೇ ಬೀದಿಗೆ ನುಗ್ಗಿದೆ. ಬ್ಯಾಂಡಿನ ಮುಂದೆ ಕೋಲು ತಿರುಗಿಸುತ್ತಿದ್ದವನ ಎದೆಗೆ ಕೈ ಹಚ್ಚಿ ನಿಲ್ಲಿಸಿದೆ. "ನಿಲ್ಸೋ! ನಿಮ್ ತುತ್ತೂರಿಗೆ ಬೆಂಕಿ ಬೀಳ! ದಾರಿ ಬಿಡ್ರೋ!" ಹಳೆಯ ವಿದ್ಯಾರ್ಥಿಗಳ ಲಾರಿಯ ಮೇಲಿಂದ ಒಬ್ಬ ಬೋಳುತಲೆಯವನು ಬಿಯರು ಎತ್ತಿ ತೋರಿಸಿ, "ಆರ್ಡಿತ್! ಚೀಲ ಫ್ರೀ ಆಯ್ತಾ?" ಎಂದು ಕೂಗಿದ. ಅವನು ಯಾಕೆ ಹಾಗೆ ಕೇಳಿದನೆಂದು ನನಗೆ ಆಗ ತಿಳಿಯಲಿಲ್ಲ. ಅವನಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಂಬ್ಯುಲೆನ್ಸಿನವರು ಇಳಿದವರೇ ಕತ್ತರಿ ತೆಗೆದು ಚೀಲದ ಪಟ್ಟಿ ಕತ್ತರಿಸಿ ಎಸೆದರು. ಬಾಯಿಗೆ ಮಾಸ್ಕು ಒತ್ತಿ ಗಾಳಿ ತುಂಬುತ್ತಲೇ ಎತ್ತಿಕೊಂಡು ಹೋದರು. ಹಿಂದೆ ಬಂದ ಪೊಲೀಸನ ಮುಂದೆ ಗ್ಯಾರೆಟ್ ಕೈಕಟ್ಟಿ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಪೊಲೀಸ್ ಪುಸ್ತಕ ಮಡಚಿದ.

"ಕುಡಿದಿದ್ದಕ್ಕೆ ನಿನ್ ಮೇಲೂ ಅವನ ಮೇಲೂ ಏನೂ ಬರಿಯಲ್ಲ. ಬಾಟ್ಲಿ ಎಲ್ಲಿಂದ ಬಂತು ಅನ್ನೋದು ಬೇರೆ ಮಾತು, ಅದನ್ನ ಸೋಮವಾರ ಮಾತಾಡೋಣ. ಇಲ್ಲೇ ಇದ್ಯಲ್ಲ, ಒಳ್ಳೇದ್ ಮಾಡ್ದೆ."

"ನನ್ನ ಏನೂ ಕೇಳಲ್ವಾ ನೀವು?" ಎಂದಳು ವರ್ನಾ.

"ನಿಮ್ಮನ್ನಾ? ನೀವೇನ್ ಮಾಡಿದೀರಮ್ಮ, ಸಹಾಯ ತಾನೇ" ಎಂದು ಅವನು ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಆಸ್ಪತ್ರೆಯಲ್ಲಿ ಅವಳ ಓಡಾಟ ನೋಡಲಾಗುತ್ತಿರಲಿಲ್ಲ. ಕಿಟಕಿಗೆ ಹೋಗುವಳು, ನೀರಿನ ಯಂತ್ರಕ್ಕೆ ಬರುವಳು, ಮತ್ತೆ ಕಿಟಕಿಗೆ. ಮೈದಾನ ಅಲ್ಲಿಂದ ಹತ್ತಿರ. ಹತ್ತು ನಿಮಿಷಕ್ಕೊಮ್ಮೆ ಜನರ ಹೋ ಎಂಬ ಸದ್ದು ಗಾಜಿನೊಳಗೂ ಬರುತ್ತಿತ್ತು. ಉಸಿರಿಗೆ ಕೊಳವೆ ಹಾಕಿದ್ದಾರೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಥೆ ಮುಗಿಯುತ್ತಿತ್ತು, ಮಿದುಳಿಗೆ ಪೆಟ್ಟಾಗಿದೆಯೋ ಇಲ್ಲವೋ ಹೇಳಿದ ಮಾತಿಗೆ ಅವನು ಸ್ಪಂದಿಸಿದ ಮೇಲೆಯೇ ಗೊತ್ತಾಗುವುದು ಎಂದರು ಡಾಕ್ಟರು. ಗ್ಯಾರೆಟ್ ಮೂಲೆಯಲ್ಲಿ ಮುಖ ತೊಳೆಯದೆ ಕೂತಿದ್ದ.

ಎರಡು ಗಂಟೆಗೆ ಎಮ್ಮೆಟ್‌ನ ತಾಯಿ ಬಂದಳು. ಮಾರ್ಲಿಸ್ ರಸ್ಕ್, ನೂರು ಮೈಲಿ ಆಚೆಯ ಹಳ್ಳಿಯಲ್ಲಿ ಶಾಲೆ ಬಸ್ಸಿನ ಚಾಲಕಿ. ಬಸ್ಸಿನವರ ಜಾಕೀಟಿನಲ್ಲೇ ಬಂದಿದ್ದಳು, ಸೊಂಟದಲ್ಲಿ ಕೀಲಿಗೊಂಚಲು. ಒಳಗೆ ಹೋಗಿ ಮಗನನ್ನು ನೋಡಿ ಬಂದು ಗೋಡೆ ಹಿಡಿದು ನಿಂತಳು. ಆಟ ಬಿಟ್ಟು ಬಂದಿದ್ದ ನಮ್ಮ ಇಬ್ಬರು ಹುಡುಗರು ಅವಳಿಗೆ ಏನೇನೋ ಹೇಳಿದರು. ಅವಳು ನೇರ ವರ್ನಾಳ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಚೀಲ ಇರ್ದಿದ್ರೆ ವಾಂತಿ ಸಿಕ್ಕೊಂಡು ಅಲ್ಲೇ ಹೋಗ್ಬಿಡ್ತಿದ್ದ ಅಂದ್ರು ಹುಡುಗ್ರು. ನಿಮ್ಮ ಋಣ ಹ್ಯಾಗೆ ತೀರ್ಸ್ಲಿ ನಾನು?"

ವರ್ನಾ ಕೈ ಬಿಡಿಸಿಕೊಳ್ಳಲು ನೋಡಿದಳು. ನಾನು ಅವಳ ಕೋಟಿನ ತೋಳು ಹಿಡಿದು ಎಳೆದು ಕಿವಿಯಲ್ಲಿ, "ಸುಮ್ನಿರೇ. ಪೊಲೀಸ್ನೋರೇ ಬಿಟ್ಟಿದಾರೆ. ಈ ಹೊತ್ತಲ್ಲಿ ಯಾಕೆ?" ಎಂದೆ. ಹೌದು, ಅಂದೆ. ಇವತ್ತಿಗೂ ಆ ಮಾತು ನೆನೆದರೆ ನನಗೆ ನಾಚಿಕೆಯಾಗುತ್ತದೆ.

"ಮಿಸೆಸ್ ರಸ್ಕ್, ಆ ಚೀಲ ಉಳಿಸ್ಲಿಲ್ಲ" ಎಂದಳು ವರ್ನಾ. "ಆ ಚೀಲ ಇತ್ತು ಅಂತಲೇ ಯಾರೂ ಫೋನ್ ಮಾಡ್ಲಿಲ್ಲ. ಕಟ್ಟಿದ್ರೆ ಸಾಕು ಅನ್ಕೊಂಡ್ರು. ಆ ಅಭ್ಯಾಸ ಕಲ್ಸಿದ್ದು ನಾನು. ಕಾನೂನು ಬಂದ್ಮೇಲೆ ಅದನ್ನ ತೆಗೆದು ಬಿಸಾಕ್ಬೇಕಿತ್ತು. ಬಿಸಾಕ್ಲಿಲ್ಲ."

ಆ ತಾಯಿ ಕೈ ಬಿಟ್ಟಳು. "ಎಷ್ಟು ಹೊತ್ತು ಒಬ್ನೇ ಇದ್ದ?"

"ಹತ್ತಿರ ಎರಡು ಗಂಟೆ."

"ನೀವೆಲ್ಲಿದ್ರಿ?"

"ಮನೆ ಮುಂದೆ. ಹಳೇ ಹುಡುಗ್ರ ಜೊತೆ ಫೋಟೋ ತೆಗೆಸ್ಕೊಳ್ತಿದ್ದೆ." ವರ್ನಾ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಅವ್ರು ಚೀಲ ತರ್ಸಿ ಅಂದ್ರು. ಒಳಗಿಂದ ಯಾರೋ ಒಬ್ಬ, 'ಚೀಲ ಈಗ ಡ್ಯೂಟೀಲಿದೆ' ಅಂತ ಕೂಗ್ದ. ಎಲ್ರೂ ನಕ್ರು. ನಾನೂ ನಕ್ಕೆ. ಯಾರ ಬೆನ್ನ ಮೇಲಿದೆ ಅಂತ ಹೋಗಿ ನೋಡ್ಲಿಲ್ಲ."

ನನಗೂ ಅದು ಆಗಲೇ ಗೊತ್ತಾಗಿದ್ದು. ಲಾರಿಯ ಮೇಲಿನ ಬೋಳುತಲೆಯವನ ಕೂಗು ಅರ್ಥವಾಯಿತು. ಮಾರ್ಲಿಸ್ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನಾನು ಅಡ್ಡ ಬರುತ್ತಿರಲಿಲ್ಲ. ಅವಳು ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಹಿಡಿದಳು.

"ನಾನು ದಿನಾ ಬಸ್ ನಿಲ್ಸಿದ್ಮೇಲೆ" ಎಂದಳು, "ಕೊನೇ ಸೀಟಿನವರ್ಗೂ ನಡ್ಕೊಂಡ್ ಹೋಗಿ ನೋಡ್ತೀನಿ. ಯಾವ್ದಾದ್ರೂ ಮಗು ನಿದ್ದೆ ಹೋಗಿ ಉಳ್ಕೊಂಡಿದ್ಯಾ ಅಂತ. ಹತ್ತೊಂಬತ್ತು ವರ್ಷದಿಂದ. ಒಂದಿನ ತಪ್ಸಿಲ್ಲ."

ಮಾರ್ಲಿಸ್ ಗೊಂಚಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈ ಚೀಲ ನಿಮ್ ಮನೇಲೊಂದೇ ಇರೋದಾ?"

"ಇಲ್ಲ. ಬೀದೀಲೆಲ್ಲಾ ಇದೆ."

"ಆಟ ಎಷ್ಟೊತ್ತಿಗೆ ಮುಗಿಯತ್ತೆ?"

"ಮೂರೂವರೆ."

"ಮುಗಿದ್ಮೇಲೆ?"

"ಮತ್ತೆ ಕುಡೀತಾರೆ."

"ಹಾಗಿದ್ಮೇಲೆ ನೀವಿಲ್ಲಿ ಯಾಕ್ ನಿಂತಿದೀರಿ?" ಎಂದಳು ಮಾರ್ಲಿಸ್. ದನಿ ಏರಿಸಲಿಲ್ಲ. "ನನ್ ಮಗನ ಹತ್ರ ನಾನಿದೀನಿ. ನೀವು ಹೋಗಿ. ನಂಬರ್ ಕೊಟ್ಟು ಹೋಗಿ."

ಹೊರಟೆವು. ಗ್ಯಾರೆಟ್ ಬರಲಿಲ್ಲ, ಇಲ್ಲೇ ಇರುತ್ತೇನೆ ಎಂದ. ಆ ತಾಯಿ ಅವನನ್ನು ಬೈಯಲೂ ಇಲ್ಲ, ಹೋಗೆನ್ನಲೂ ಇಲ್ಲ. ಕಾರಿನಲ್ಲಿ ವರ್ನಾ ಎದೆಯ ಸೇವಂತಿಗೆ ಕಿತ್ತು ಕಿಟಕಿಯಾಚೆ ಎಸೆದಳು. ಸೂಜಿ ಚುಚ್ಚಿ ಬೆರಳಲ್ಲಿ ರಕ್ತ ಬಂತು. ನಾನು ಕರವಸ್ತ್ರ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಮೊದಲ ಮನೆಯಲ್ಲಿ ಬಾಗಿಲು ತೆಗೆದ ಹುಡುಗ ಬಾಯಿ ಬಿಟ್ಟುಕೊಂಡು ನಿಂತ. "ವರ್ನಾ ಅಂದ್ರೆ... ನೀವೇನಾ? ಹಾಗಂತ ಒಬ್ರು ಮನುಷ್ಯರಿದಾರೆ ಅಂತಾನೇ ಗೊತ್ತಿರ್ಲಿಲ್ಲ. ಚೀಲದ ಕಂಪನಿ ಹೆಸರು ಅನ್ಕೊಂಡಿದ್ದೆ!"

"ನಾನೇ ಅದು. ಎಲ್ಲಿದೆ, ತಾ."

ಎರಡನೆಯದರಲ್ಲಿ ಚೀಲಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿಟ್ಟಿದ್ದರು. ಮೂರನೆಯದು ಹುಡುಗಿಯರ ಮನೆ, ಅಲ್ಲಿಯದು ಗುಲಾಬಿ ಬಣ್ಣದ್ದು. ನಾಲ್ಕನೆಯ ಮನೆಯವರು ಜಗಳಕ್ಕೆ ನಿಂತರು. "ನಾವ್ ಬರೋಕ್ ಮುಂಚಿಂದ ಇದೆ ಇದು, ನಿಮ್ದು ಹೆಂಗಾಗತ್ತೆ?" ಎಂದು ಒಬ್ಬ ಮೀಸೆ ಬಂದವನು ದಬಾಯಿಸಿದ. ನಾನು ಸೆರಗಿಲ್ಲದಿದ್ದರೂ ಸೊಂಟ ಕಟ್ಟಿ ಮುಂದೆ ಬಂದೆ. "ಕೊಡ್ತೀಯೋ, ಇಲ್ಲಾ ನಿಮ್ಮಮ್ಮನಿಗೆ ಫೋನ್ ಹಚ್ಲೋ?" ಕೊಟ್ಟ. ವರ್ನಾ ಪ್ರತಿ ಮನೆಯಲ್ಲೂ ಚೀಲ ಇಸಿದುಕೊಂಡು ಸುಮ್ಮನೆ ಬರಲಿಲ್ಲ. ಇದ್ದಬದ್ದವರನ್ನೆಲ್ಲ ಹಜಾರಕ್ಕೆ ಕರೆದು, ಬೆಳಗ್ಗೆ ನಡೆದದ್ದನ್ನೂ ತಾನು ನಕ್ಕದ್ದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಕೆಲವರು ಬಿಯರು ಕೆಳಗಿಟ್ಟಿರುತ್ತಿದ್ದರು. ಕೆಲವರು ಇಡುತ್ತಿರಲಿಲ್ಲ.

ಆರನೆಯ ಮನೆಯಲ್ಲಿ ಸೋಫಾದ ಮೇಲೆ ಒಬ್ಬ ಹುಡುಗಿ ಚೀಲ ಕಟ್ಟಿಸಿಕೊಂಡು ಬಿದ್ದಿದ್ದಳು. ವರ್ನಾ ಜಿಗುಟಿದರೆ ನರಳಿದಳು, ಕಣ್ಣು ಬಿಡಲಿಲ್ಲ. "ಯಾರಮ್ಮ ಇವಳ ಗೆಳತಿ?" ಎಂದು ಕೇಳಿದರೆ ಎಲ್ಲರೂ ಗೋಡೆ ನೋಡುವವರೇ. ಕೊನೆಗೆ ಕನ್ನಡಕದ ಹುಡುಗಿಯೊಬ್ಬಳು, "ನಾನು. ಆದ್ರೆ ನಂಗೂ ಹತ್ತೊಂಬತ್ತೇ, ನಾನೂ ಕುಡ್ದಿದೀನಿ, ಪೊಲೀಸ್ ಬರ್ತಾರೆ" ಎಂದು ಅಳತೊಡಗಿದಳು.

"ಬರ್ಲಿ. ಹೆಸರು ಹೇಳು, ಇವಳ ಕೈ ಹಿಡ್ಕೊಂಡು ಕೂತ್ಕೋ, ಏಳ್ಬೇಡ. ಅಷ್ಟೇ ನೀನ್ ಮಾಡ್ಬೇಕಾಗಿರೋದು" ಎಂದಳು ವರ್ನಾ. ಹುಡುಗಿ ಫೋನಿನಲ್ಲಿ ತನ್ನ ಹೆಸರನ್ನು ಎರಡೆರಡು ಸಲ ಹೇಳಿದಳು. ಆಂಬ್ಯುಲೆನ್ಸ್ ಬಂದು ಹೋಗುವವರೆಗೂ ನಾವು ಅಲ್ಲೇ ಇದ್ದೆವು.

ಒಂಬತ್ತನೆಯ ಮನೆ ಮುಗಿಸಿ ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ನನ್ನ ಎರಡು ಭುಜದಲ್ಲೂ ಚೀಲಗಳು, ಒಳ್ಳೆ ಗೂಡ್ಸು ಗಾಡಿಯ ಹಾಗೆ. ವರ್ನಾ ಮಂಡಿ ಹಿಡಿದು ಕುಂಟುತ್ತಿದ್ದಳು. ಆಗ ಅವಳ ಫೋನು ಬಡಿಯಿತು. ಅವಳು ಹೆಸರು ನೋಡಿ ನನ್ನ ಕೈಗೆ ಕೊಡಲು ಬಂದಳು. "ನೀನೇ ಎತ್ತೇ, ನನ್ ಕೈಲಾಗಲ್ಲ." ನಾನು ಎತ್ತಿ ಅವಳ ಕಿವಿಗೇ ಹಿಡಿದೆ.

"ಮಾರ್ಲಿಸ್ ಮಾತಾಡ್ತಿರೋದು" ಎಂಬ ದನಿ ನನಗೂ ಕೇಳಿಸುತ್ತಿತ್ತು. "ಕೊಳವೆ ಇನ್ನೂ ಇದೆ. ಆದ್ರೆ ಕಣ್ಣು ಬಿಟ್ಟ. ಕೈ ಹಿಂಡು ಅಂದೆ, ಹಿಂಡ್ದ. ಇನ್ನೊಂದ್ ಸಲ ಅಂದೆ, ಇನ್ನೊಂದ್ ಸಲ ಹಿಂಡ್ದ."

ವರ್ನಾ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ನಾನೂ ಬೀದಿಯಲ್ಲಿ ನಿಂತು ಗೊಳೋ ಎಂದೆ, ಯಾರು ನೋಡಿದರೆ ನನಗೇನು! ಆ ಕಡೆಯ ದನಿ ಕೇಳಿತು.

"ಎಷ್ಟು ಮನೆ ಉಳಿದಿವೆ?"

"ಎರಡು."

"ಸರಿ, ಇಡ್ತೀನಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಆಮೇಲೂ ಯಾವತ್ತೂ ಹೇಳಲಿಲ್ಲ, ವರ್ನಾ ಕೇಳಲೂ ಇಲ್ಲ. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ಹತ್ತನೆಯ ಮನೆಯ ಮೆಟ್ಟಿಲು ಹತ್ತಿದಳು. ಒಳಗೆ ಹಾಡು ಜೋರಾಗಿತ್ತು. ಎರಡು ಸಲ ಬಡಿದ ಮೇಲೆ, ಕೈಯಲ್ಲಿ ಲೋಟ ಹಿಡಿದ ಹುಡುಗನೊಬ್ಬ ಬಾಗಿಲು ತೆಗೆದ.

"ನನ್ನ ಹೆಸರು ವರ್ನಾ ಹೋಸ್ಟೆಟ್ಲರ್" ಎಂದಳು. "ನಿಮಗೆಲ್ಲ ಒಂದು ತಪ್ಪು ಕಲ್ಸಿದೀನಿ ಕಣಪ್ಪ. ಒಳಗೆ ಬರ್ಲಾ?"